ಆಹಾರ ಅಲರ್ಜಿ: ಹೆದರಬೇಕಾದ ಕಡೆ ಧೈರ್ಯ, ಬೇಡದ ಕಡೆ ಭಯ

ಬಿಳಿಕೋಟು

"ಹಾಲು ಒಗ್ಗಲ್ಲ" ಅನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ತೊಂದರೆಗಳು ಕೂತಿರುತ್ತವೆ. ಹಾಲು ಕುಡಿದು ಒಂದೆರಡು ಗಂಟೆಯ ಮೇಲೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರೂ ಹಾಗೇ ಹೇಳುತ್ತಾರೆ. ಒಂದು ಗುಟುಕಿಗೆ, ಹತ್ತು ನಿಮಿಷದೊಳಗೆ ತುಟಿ ಊದಿ ಉಸಿರು ಕಟ್ಟುವವರೂ ಹಾಗೇ ಹೇಳುತ್ತಾರೆ.

ಮೊದಲನೆಯದು ಅಲರ್ಜಿಯೇ ಅಲ್ಲ. ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಕಿಣ್ವ ಸಾಲದೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಡೆಯದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಹಿಂಸೆಯಾಗುತ್ತದೆ, ಜೀವಕ್ಕೆ ಅಪಾಯವಿಲ್ಲ. ಇಂಥವರಲ್ಲಿ ಹೆಚ್ಚಿನವರು ಒಮ್ಮೆಗೆ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಸುಮಾರು ಒಂದು ಲೋಟ ಹಾಲನ್ನು, ದೊಡ್ಡ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ.

ಎರಡನೆಯದರಲ್ಲಿ ಸಕ್ಕರೆಯ ಪಾತ್ರವೇ ಇಲ್ಲ. ಕೇಸಿನ್, ವೇ ಎಂಬ ಹಾಲಿನ ಪ್ರೋಟೀನುಗಳನ್ನು ದೇಹ ಶತ್ರು ಎಂದು ಗುರುತಿಟ್ಟುಕೊಂಡು ಐಜಿಇ ಎಂಬ ಪ್ರತಿಕಾಯ ಮಾಡಿಟ್ಟಿರುತ್ತದೆ. ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಆ ಐಜಿಇ ಅಂಟಿಕೊಂಡು ಕಾಯುತ್ತಿರುತ್ತದೆ. ಪ್ರೋಟೀನ್ ಸಿಕ್ಕ ತಕ್ಷಣ ಆ ಕೋಶಗಳಿಂದ ಹಿಸ್ಟಮೀನ್ ಮತ್ತಿತರ ರಾಸಾಯನಿಕಗಳು ಹೊರಬೀಳುತ್ತವೆ. ಇಲ್ಲಿ ಒಂದು ಲೋಟ, ಅರ್ಧ ಲೋಟ ಎಂಬ ಲೆಕ್ಕ ನಡೆಯುವುದಿಲ್ಲ. ಕೆಲವರಿಗೆ ಚಮಚಕ್ಕೆ ಅಂಟಿದ್ದೇ ಸಾಕು.

ಎರಡನ್ನೂ ಒಂದೇ ಎಂದುಕೊಂಡರೆ ಆಗುವ ಅನಾಹುತ ಇದು: ಹಾಲಿನ ಅಲರ್ಜಿ ಇರುವ ಮಗುವಿಗೆ "ಲ್ಯಾಕ್ಟೋಸ್ ಮುಕ್ತ" ಹಾಲು ಕೊಡುವುದು. ಅದರಲ್ಲಿ ಸಕ್ಕರೆಯನ್ನಷ್ಟೇ ಒಡೆದಿರುತ್ತಾರೆ, ಪ್ರೋಟೀನ್ ಪೂರ್ತಿ ಹಾಗೇ ಇರುತ್ತದೆ. ಇನ್ನೊಂದು, ಆಡಿನ ಹಾಲು "ಹಗುರ" ಎಂದು ಅದಕ್ಕೆ ಬದಲಾಯಿಸುವುದು. ಹಸುವಿನ ಹಾಲಿನ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ಮಂದಿಗೆ ಆಡಿನ ಹಾಲೂ ಆಗುವುದಿಲ್ಲ, ಎರಡರ ಕೇಸಿನ್ ಅಷ್ಟು ಹೋಲುತ್ತದೆ. ಎ2 ಹಾಲಿನದೂ ಇದೇ ಕಥೆ. ಬೀಟಾ ಕೇಸಿನ್‌ನ ಒಂದು ಸಣ್ಣ ಬದಲಾವಣೆ ಬಿಟ್ಟರೆ ಉಳಿದ ಪ್ರೋಟೀನುಗಳೆಲ್ಲ ಅವೇ.

ಇಂಥ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ಬಿಡಿಸೋಣ ಎಂದು ಈ ಚರ್ಚೆ. ಗೊತ್ತಿದ್ದವರು ಸೇರಿಸಿ, ಅನುಮಾನವಿದ್ದವರು ಕೇಳಿ.

ಹಸಿರೆಲೆ

ಒಂದೇ ಸಲ ರಕ್ತ ಕೊಟ್ಟರೆ ನೂರು ಆಹಾರಗಳ ಪಟ್ಟಿ ಕೊಡುವ ಪರೀಕ್ಷೆಗಳಿವೆಯಲ್ಲ, ಕೆಂಪು, ಹಳದಿ, ಹಸಿರು ಬಣ್ಣ ಹಾಕಿ? ಕೆಂಪಿನಲ್ಲಿ ಬಂದದ್ದನ್ನೆಲ್ಲ ಬಿಡಬೇಕು ಅಂತಾರೆ. ನಂಬಬಹುದಾ?

ಲ್ಯಾಬ್‌ಮೇಜು

ಹಸಿರೆಲೆ ಅವರೇ, ಮೊದಲು ರಿಪೋರ್ಟಿನಲ್ಲಿ ಒಂದೇ ಒಂದು ಅಕ್ಷರ ನೋಡಿ. ಅಳೆದದ್ದು ಐಜಿಇ ಇದೆಯಾ, ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಇದೆಯಾ? ಆ ಬಣ್ಣದ ಪಟ್ಟಿಗಳಲ್ಲಿ ಹೆಚ್ಚಿನವು ಐಜಿಜಿ ಅಥವಾ ಐಜಿಜಿ4 ಅಳೆಯುತ್ತವೆ. ಒಂದು ಆಹಾರವನ್ನು ಮತ್ತೆ ಮತ್ತೆ ತಿಂದಿದ್ದೀರಿ, ದೇಹಕ್ಕೆ ಅದರ ಪರಿಚಯವಿದೆ ಎಂದಷ್ಟೇ ಐಜಿಜಿ ಹೇಳುತ್ತದೆ. ಹಾಗಾಗಿ ದಿನವೂ ತಿನ್ನುವ ಗೋಧಿ, ಹಾಲು, ಮೊಟ್ಟೆಯೇ ಕೆಂಪಿನಲ್ಲಿ ಬರುತ್ತವೆ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ, ಕೆನಡಾದ ಸಂಘ 2012ರಲ್ಲಿ, ಆಹಾರ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಬರೆದಿವೆ. ಇಂಥ ರಿಪೋರ್ಟ್ ಹಿಡಿದು ಬೆಳೆಯುವ ಮಗುವಿಗೆ ಹಾಲು, ಗೋಧಿ, ಮೊಟ್ಟೆ ಮೂರನ್ನೂ ಒಟ್ಟಿಗೆ ನಿಲ್ಲಿಸಿದರೆ ತೂಕ ನಿಂತುಹೋಗುತ್ತದೆ, ಇದು ನಿಜವಾದ ಹಾನಿ.

ಐಜಿಇ ಪರೀಕ್ಷೆಯೇ ಆಗಿದ್ದರೂ ಅಷ್ಟಕ್ಕೇ ಅಲರ್ಜಿ ಎಂದು ಮುದ್ರೆ ಒತ್ತುವ ಹಾಗಿಲ್ಲ. ಚರ್ಮದ ಚುಚ್ಚು ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಮುಂಗೈಯ ಒಳಮೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ದ್ರಾವಣ ಇಟ್ಟು, ಹನಿಯ ಮೂಲಕ ಸಣ್ಣ ಮೊನೆಯಿಂದ ಚರ್ಮದ ಮೇಲ್ಪದರವನ್ನಷ್ಟೇ ಚುಚ್ಚುತ್ತಾರೆ. ರಕ್ತ ಬರಬಾರದು. ಜೊತೆಗೆ ಎರಡು ಹೋಲಿಕೆ ಹನಿಗಳು: ಒಂದು ಉಪ್ಪುನೀರು, ಒಂದು ಹಿಸ್ಟಮೀನ್. 15ರಿಂದ 20 ನಿಮಿಷದ ಮೇಲೆ ಎದ್ದ ಗುಳ್ಳೆಯ ಅಗಲ ಅಳೆಯುತ್ತಾರೆ. ಕೆಂಪು ಲೆಕ್ಕಕ್ಕಿಲ್ಲ, ಉಬ್ಬು ಮಾತ್ರ. ಉಪ್ಪುನೀರಿನದಕ್ಕಿಂತ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಹಿಸ್ಟಮೀನ್ ಇಟ್ಟ ಕಡೆಯೂ ಗುಳ್ಳೆ ಏಳದಿದ್ದರೆ ಪರೀಕ್ಷೆಯೇ ಕೆಟ್ಟಿತು. ಸಾಮಾನ್ಯ ಕಾರಣ, ಹಿಂದಿನ ದಿನಗಳಲ್ಲಿ ನುಂಗಿದ ನೆಗಡಿ ಮಾತ್ರೆ. ಅಂಥ ಆಂಟಿಹಿಸ್ಟಮೀನ್‌ಗಳನ್ನು 5ರಿಂದ 7 ದಿನ ಮೊದಲೇ ನಿಲ್ಲಿಸಿರಬೇಕು. ವೈದ್ಯರನ್ನು ಕೇಳಿಯೇ ನಿಲ್ಲಿಸಿ.

ಇಷ್ಟೆಲ್ಲ ಆಗಿ ಪಾಸಿಟಿವ್ ಬಂದರೂ ಅದರ ಅರ್ಥ "ದೇಹ ಗುರುತಿಟ್ಟುಕೊಂಡಿದೆ" ಎಂದಷ್ಟೇ. ಗುರುತಿಟ್ಟುಕೊಂಡ ಎಲ್ಲರಿಗೂ ತಿಂದಾಗ ತೊಂದರೆ ಆಗುವುದಿಲ್ಲ. ಏನು ತಿಂದರು, ಎಷ್ಟು, ಎಷ್ಟು ನಿಮಿಷದ ಮೇಲೆ ಏನಾಯಿತು, ಮತ್ತೆ ತಿಂದಾಗಲೂ ಆಯಿತಾ? ಈ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದೆ ಪರೀಕ್ಷೆ ಮಾಡಿಸುವುದೇ ತಪ್ಪು. ತಿಂದು ಏನೂ ಆಗದ ಆಹಾರವನ್ನು ರಿಪೋರ್ಟ್ ನೋಡಿ ಬಿಡಲೇಬೇಡಿ.

ಕುತೂಹಲಿ

ಆದರೆ ಐಜಿಇ ಸಂಖ್ಯೆ ಜಾಸ್ತಿ ಇದ್ದಷ್ಟೂ ಅಲರ್ಜಿ ಜೋರು ಅಲ್ಲವೇ? 0.5 ಬಂದವರಿಗೂ 80 ಬಂದವರಿಗೂ ವ್ಯತ್ಯಾಸ ಇರಲೇಬೇಕಲ್ಲ.

ಲ್ಯಾಬ್‌ಮೇಜು

ವ್ಯತ್ಯಾಸ ಇದೆ, ನೀವು ಅಂದುಕೊಂಡದ್ದಲ್ಲ. ಸಂಖ್ಯೆ ಏರಿದ ಹಾಗೆ "ನಿಜವಾಗಿ ಅಲರ್ಜಿ ಇರುವ ಸಾಧ್ಯತೆ" ಏರುತ್ತದೆ. ಆದರೆ ಪ್ರತಿಕ್ರಿಯೆ ಎಷ್ಟು ಜೋರಾಗಿರುತ್ತದೆ ಎಂದು ಅದು ಹೇಳಲಾರದು. ಕಡಿಮೆ ಸಂಖ್ಯೆಯವರಿಗೂ ಜೀವಕ್ಕೆ ಬರುವಂಥದ್ದು ಆಗಬಹುದು.

ಅನುಮಾನ ಉಳಿದರೆ ಕೊನೆಯ ತೀರ್ಪು ಬಾಯಿಯ ಮೂಲಕ ಕೊಡುವ ಆಹಾರ ಪರೀಕ್ಷೆಯದು. ತುರ್ತು ಚಿಕಿತ್ಸೆ ಕೈಗೆಟಕುವ ಆಸ್ಪತ್ರೆಯಲ್ಲಿ, ಅಲರ್ಜಿ ತಜ್ಞರ ಕಣ್ಣೆದುರು ಮಾತ್ರ. ಬಳಕೆಯಲ್ಲಿರುವ ಒಂದು ಕ್ರಮದಲ್ಲಿ 3 ಮಿಲಿಗ್ರಾಂ ಪ್ರೋಟೀನಿನಿಂದ ಶುರುಮಾಡಿ 10, 30, 100, 300, 1000, 3000 ಎಂದು ಏರಿಸುತ್ತಾರೆ, ಪ್ರತಿ ಮೆಟ್ಟಿಲಿಗೂ 20 ನಿಮಿಷದಷ್ಟು ಕಾದು. ಕೊನೆಯದಾದ ಮೇಲೆ ಒಂದೆರಡು ಗಂಟೆ ಕೂರಿಸಿಕೊಳ್ಳುತ್ತಾರೆ. ಇದನ್ನು ಮನೆಯಲ್ಲಿ "ಸ್ವಲ್ಪ ತಿನ್ನಿಸಿ ನೋಡೋಣ" ಎಂದು ಮಾಡಬಾರದು. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ.

ಸೌಟುಹಿಡಿದವರು

ಅಡುಗೆಮನೆಯ ಕಡೆಯಿಂದ ನಾಲ್ಕು ಮಾತು. "ಚೆನ್ನಾಗಿ ಬೇಯಿಸಿದರೆ ಅಲರ್ಜಿ ಸಾಯುತ್ತದೆ" ಎಂಬುದು ಸೂಕ್ಷ್ಮಾಣುಗಳ ಲೆಕ್ಕವನ್ನು ಪ್ರೋಟೀನಿಗೆ ಹಚ್ಚಿದ್ದು. ಕಡಲೆಕಾಯಿಯ ಮುಖ್ಯ ಪ್ರೋಟೀನುಗಳು ಶಾಖಕ್ಕೆ ಜಗ್ಗುವುದಿಲ್ಲ. ಹುರಿದರೆ ಐಜಿಇ ಜೊತೆ ಅವು ಇನ್ನೂ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಸೀಗಡಿ, ಏಡಿಯ ಟ್ರೋಪೊಮಯೊಸಿನ್ ಕುದಿಸಿದರೂ ಉಳಿಯುತ್ತದೆ, ಮೀನಿನ ಪಾರ್ವಾಲ್ಬುಮಿನ್ ಕೂಡ.

ಹಾಲು, ಮೊಟ್ಟೆಯ ವಿಷಯ ಸ್ವಲ್ಪ ಬೇರೆ. ಗೋಧಿ ಹಿಟ್ಟಿನಲ್ಲಿ ಕಲಸಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದ ಕೇಕ್ ರೂಪದಲ್ಲಾದರೆ, ಅಲರ್ಜಿ ಇರುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ತಡೆದುಕೊಳ್ಳುತ್ತಾರೆ. ಉಳಿದವರಿಗೆ ಅದೇ ಕೇಕ್ ಅಪಾಯ. ಯಾರು ಯಾವ ಗುಂಪು ಎಂಬುದು ಆಸ್ಪತ್ರೆಯಲ್ಲೇ ತಿಳಿಯಬೇಕು. ಕೇಕ್ ಸರಿಹೋದವರಿಗೆ ಬೇಯಿಸಿದ ಮೊಟ್ಟೆ, ಆಮ್ಲೆಟ್ ಸರಿಹೋಗುತ್ತದೆ ಎಂದೂ ಅಲ್ಲ. ಅಷ್ಟು ಹೊತ್ತು, ಅಷ್ಟು ಶಾಖ ಅವಕ್ಕೆ ಸಿಕ್ಕಿರುವುದಿಲ್ಲ.

ಬೇಯಿಸಿದರೆ ನಿಜಕ್ಕೂ ಹೋಗುವುದು ಒಂದೇ ಜಾತಿ: ಹಸಿ ಸೇಬು ಕಚ್ಚಿದಾಗ ಬಾಯಿ, ತುಟಿ ಕಡಿಯುವುದು. ಬರ್ಚ್ ಮರದ ಪರಾಗಕ್ಕೆ ಅಲರ್ಜಿ ಇರುವವರಿಗೆ ಸೇಬಿನ ಪ್ರೋಟೀನ್ ಅದರ ಅಣ್ಣನಂತೆ ಕಾಣುತ್ತದೆ, ಬೇಯಿಸಿದರೆ ಅದರ ಆಕಾರ ಬಿಚ್ಚಿಕೊಳ್ಳುತ್ತದೆ.

ಎಣ್ಣೆಯಲ್ಲಿ ಎರಡು ಬಗೆ. ಪೂರ್ತಿ ಸಂಸ್ಕರಿಸಿ, ಬಿಳಿಚಿಸಿ, ವಾಸನೆ ತೆಗೆದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಗಾಣದ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ. "ಗಾಣದ್ದು ಶುದ್ಧ, ಅದರಿಂದ ಏನೂ ಆಗಲ್ಲ" ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಇನ್ನು ಸೋಂಕು, ಅಂದರೆ ಒಂದರಿಂದ ಇನ್ನೊಂದಕ್ಕೆ ಅಂಟುವುದು. ಜ್ಯಾಮ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕಡಲೆಕಾಯಿ ಬೆಣ್ಣೆ ಸವರಿದ ಚಾಕುವನ್ನೇ ಅದ್ದಿದ್ದರೆ ಅಂಚಿನಲ್ಲಿ ಕಂದು ಬಣ್ಣದ ಎಳೆ ಕಾಣುತ್ತದೆ. ಕಾಣದಿದ್ದರೂ ಇರಬಹುದು. ಚಾಕುವನ್ನು ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೂ ಸೇರಿ ಎರಡು ಕೆಟ್ಟವು. ಸೋಪು ಹಾಕಿ, ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಕೈಗೂ ಇದೇ. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆ, ಪ್ರೋಟೀನನ್ನು ತೆಗೆಯುವುದಿಲ್ಲ, ಅಂಗೈ ತುಂಬ ಹರಡುತ್ತದೆ. ಸೋಪು ನೀರು ಸಿಗದಿದ್ದರೆ ಒದ್ದೆ ವೈಪ್ಸ್ ಅದಕ್ಕಿಂತ ಎಷ್ಟೋ ಮೇಲು. ಕರಿದ ಎಣ್ಣೆಯನ್ನೇ ಮತ್ತೆ ಬಳಸುವುದು, ಹಿಟ್ಟಾಡಿಸಿದ ಜರಡಿ, ಮರದ ಮಣೆಯ ಬಿರುಕು, ಮಿಕ್ಸಿ ಜಾರಿನ ರಬ್ಬರ್ ವಾಷರ್‌ನ ಒಳಸುತ್ತು: ಇವನ್ನೇ ಜನ ಮರೆಯುವುದು. ಪೂರ್ತಿ ಸ್ವಚ್ಛ ಮಾಡಲಾಗದ್ದನ್ನು ಬೇರೆಯೇ ಇಡಿ. ಅಲರ್ಜಿ ಇರುವವರ ಅಡುಗೆಯನ್ನು ಮೊದಲು ಮಾಡಿ, ಮುಚ್ಚಿಟ್ಟು, ಆಮೇಲೆ ಉಳಿದದ್ದಕ್ಕೆ ಕೈಹಾಕಿ.

ಹಸಿರೆಲೆ

ಕಡಲೆಕಾಯಿ ವಾಸನೆ ಕುಡಿದರೂ ಆಗುತ್ತದೆ ಅಂತ ತರಗತಿಯಲ್ಲಿ ಮಗುವನ್ನು ಬೇರೆ ಮೇಜಿಗೆ ಕೂರಿಸುತ್ತಾರಲ್ಲ?

ಬಿಳಿಕೋಟು

ವಾಸನೆ ಕೊಡುವ ಅಣುಗಳು ಪ್ರೋಟೀನ್ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ಕಡಲೆಕಾಯಿ ಅಲರ್ಜಿಯ 30 ಮಕ್ಕಳ ಮೂಗಿನ ಹತ್ತಿರ ಕಡಲೆಕಾಯಿ ಬೆಣ್ಣೆಯನ್ನು 10 ನಿಮಿಷ ಹಿಡಿದರು, ಬೆನ್ನಿನ ಚರ್ಮಕ್ಕೂ ಒಂದು ನಿಮಿಷ ಒತ್ತಿದರು. ಒಬ್ಬರಿಗೂ ಮೈಯೆಲ್ಲ ವ್ಯಾಪಿಸುವ ಪ್ರತಿಕ್ರಿಯೆ ಆಗಲಿಲ್ಲ. ಚರ್ಮ ತಾಗಿದ ಕಡೆ ಕೆಂಪು, ತುರಿಕೆ ಬಂದದ್ದು ಉಂಟು. ಚಿಕ್ಕ ಮಕ್ಕಳಲ್ಲಿ ಅಪಾಯವಿರುವುದು ಕೈಗಂಟಿದ್ದು ಬಾಯಿಗೆ ಹೋಗುವುದರಲ್ಲಿ.

ಆದರೆ ಇದನ್ನು ಎಲ್ಲದಕ್ಕೂ ಹಚ್ಚಬೇಡಿ. ಮೀನು, ಸೀಗಡಿ ಬೇಯುವಾಗ ಏಳುವ ಹಬೆಯಲ್ಲಿ ಪ್ರೋಟೀನ್ ಇರುತ್ತದೆ, ಅದು ಉಬ್ಬಸ ಎಬ್ಬಿಸಬಲ್ಲದು. ಗಾಳಿಯಲ್ಲಿ ತೇಲುವ ಹಿಟ್ಟಿನ ಪುಡಿಯೂ ಹಾಗೇ. ಮಗುವನ್ನು ಒಂಟಿಯಾಗಿ ಕೂರಿಸುವುದರ ಬದಲು ಊಟದ ಮೊದಲೂ ನಂತರವೂ ಎಲ್ಲ ಮಕ್ಕಳ ಕೈ ತೊಳೆಸಿ, ಮೇಜು ಒರೆಸಿ, ಡಬ್ಬಿ ಹಂಚಿಕೊಳ್ಳುವುದನ್ನು ನಿಲ್ಲಿಸಿ. ಆ ಮಗುವಿಗೆ ಅವಮಾನವೂ ತಪ್ಪುತ್ತದೆ.

ಕುತೂಹಲಿ

ತೀವ್ರ ಪ್ರತಿಕ್ರಿಯೆ ಆದಾಗ ಮೊದಲು ಅಲರ್ಜಿ ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಕೊಡಿಸುವುದು ಸುರಕ್ಷಿತ ಅಲ್ಲವೇ? ಅಡ್ರಿನಲಿನ್ ಹೃದಯಕ್ಕೆ ಕೆಟ್ಟದ್ದು ಎಂದು ಕೇಳಿದ್ದೇನೆ.

ತುರ್ತುಪಾಳಿ

ಕುತೂಹಲಿ ಅವರೇ, ಇಡೀ ಚರ್ಚೆಯಲ್ಲಿ ಜೀವ ತೆಗೆಯುವ ತಪ್ಪು ತಿಳಿವಳಿಕೆ ಇದೇ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ, ಬೇಸರಿಸಬೇಡಿ.

ಆಂಟಿಹಿಸ್ಟಮೀನ್ ಮಾತ್ರೆ ಕೆಲಸ ಶುರುಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಮಾಡುವ ಕೆಲಸವೂ ತುರಿಕೆ, ದದ್ದು ಇಳಿಸುವುದು. ಊದಿದ ಗಂಟಲನ್ನು ಬಿಡಿಸುವುದಿಲ್ಲ, ಬಿದ್ದ ರಕ್ತದೊತ್ತಡವನ್ನು ಎತ್ತುವುದಿಲ್ಲ. ಬ್ರಿಟನ್ನಿನಲ್ಲಿ ಅನಾಫಿಲ್ಯಾಕ್ಸಿಸ್, ಅಂದರೆ ಮೈಯೆಲ್ಲ ವ್ಯಾಪಿಸಿ ಜೀವಕ್ಕೆ ಬರುವ ಅಲರ್ಜಿ ಪ್ರತಿಕ್ರಿಯೆಯ ಸಾವುಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಹಾರದಿಂದಾದ ಸಾವುಗಳಲ್ಲಿ ಉಸಿರು ಅಥವಾ ಹೃದಯ ನಿಲ್ಲಲು ಹಿಡಿದ ಮಧ್ಯಮ ಅವಧಿ 30 ನಿಮಿಷ. ಮಾತ್ರೆ ಏಳುವಷ್ಟರಲ್ಲಿ ಕಾಲ ಮೀರಿರುತ್ತದೆ. ಇನ್ನೊಂದು ಮೋಸ: ಮಾತ್ರೆಗೆ ದದ್ದು ಇಳಿಯಿತು ಎಂದು ಮನೆಯವರು ನಿರಾಳರಾಗುತ್ತಾರೆ, ಒಳಗೆ ಶ್ವಾಸನಾಳ ಮುಚ್ಚುತ್ತಿರುತ್ತದೆ. ಹತ್ತರಲ್ಲಿ ಒಬ್ಬಿಬ್ಬರಿಗೆ ದದ್ದು ಬರುವುದೇ ಇಲ್ಲ. "ಮೈಮೇಲೆ ಏನೂ ಇಲ್ಲ, ಅಲರ್ಜಿ ಅಲ್ಲ" ಎಂದು ಕೂರಬೇಡಿ.

ಅಡ್ರಿನಲಿನ್ ಇಂಜೆಕ್ಷನ್ ಯಾವಾಗ ಕೊಡಬೇಕು? ಅಲರ್ಜಿ ಗೊತ್ತಿರುವ ಆಹಾರ ಹೊಟ್ಟೆಗೆ ಹೋಗಿದೆ, ಜೊತೆಗೆ ಧ್ವನಿ ಒಡೆಯುವುದು, ಗಂಟಲು ಬಿಗಿ, ನಿಲ್ಲದ ಕೆಮ್ಮು, ಸುಯ್ ಎನ್ನುವ ಉಸಿರು, ತಲೆಸುತ್ತು, ಮೈ ಬಿಳಿಚಿ ಕುಸಿಯುವುದು ಇವುಗಳಲ್ಲಿ ಒಂದು ಇದ್ದರೂ ಕೊಡಿ. ದದ್ದು ಮತ್ತು ಮತ್ತೆ ಮತ್ತೆ ವಾಂತಿ ಒಟ್ಟಿಗೆ ಬಂದರೂ ಕೊಡಿ. ಹಸುಗೂಸು ಇದ್ದಕ್ಕಿದ್ದಂತೆ ಮಂಕಾಗಿ ಜೋತುಬಿದ್ದರೆ ಅದೇ ಲಕ್ಷಣ ಎಂದು ತಿಳಿಯಿರಿ.

ಎಲ್ಲಿ, ಎಷ್ಟು? ತೊಡೆಯ ಹೊರಬದಿಯ ಮಧ್ಯಭಾಗ, ಸ್ನಾಯುವಿಗೆ. ತೋಳಿಗಲ್ಲ, ಸೊಂಟಕ್ಕಲ್ಲ, ಚರ್ಮದಡಿಗಲ್ಲ, ರಕ್ತನಾಳಕ್ಕಂತೂ ಅಲ್ಲವೇ ಅಲ್ಲ. ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಒಮ್ಮೆಗೆ 0.5 ಮಿಲಿಗ್ರಾಂ ಮಿತಿ. ಅಡ್ರಿನಲಿನ್ ತುಂಬಿದ ಸ್ವಯಂಚಾಲಿತ ಇಂಜೆಕ್ಷನ್ ಪೆನ್ನುಗಳು ಹೆಚ್ಚಾಗಿ 0.15 ಮತ್ತು 0.3 ಮಿಲಿಗ್ರಾಂ ಅಳತೆಯಲ್ಲಿ ಸಿಗುತ್ತವೆ, ಯಾವುದು ಎಂದು ವೈದ್ಯರು ತೂಕ ನೋಡಿ ಬರೆಯುತ್ತಾರೆ. ಮುಷ್ಟಿಯಲ್ಲಿ ಹಿಡಿಯಿರಿ, ಹೆಬ್ಬೆರಳನ್ನು ಯಾವ ತುದಿಯ ಮೇಲೂ ಇಡಬೇಡಿ. ಗಾಬರಿಯಲ್ಲಿ ತಿರುಗಾಮುರುಗಾ ಹಿಡಿದು ಸೂಜಿ ಹೆಬ್ಬೆರಳಿಗೇ ಹೊಕ್ಕ ಪ್ರಸಂಗಗಳು ಬಹಳ. ಸುರಕ್ಷಾ ಮುಚ್ಚಳ ಎಳೆದು, ಕ್ಲಿಕ್ ಎನ್ನುವವರೆಗೆ ತೊಡೆಗೆ ಒತ್ತಿ, ಪೆನ್ನಿನ ಮೇಲೆ ಬರೆದಷ್ಟು ಸೆಕೆಂಡು ಹಾಗೇ ಹಿಡಿಯಿರಿ. ಬಟ್ಟೆಯ ಮೇಲಿಂದಲೇ ಆಗುತ್ತದೆ, ಆದರೆ ಜೇಬಿನಲ್ಲಿ ನಾಣ್ಯ, ಮೊಬೈಲ್ ಇಲ್ಲವೆಂದು ನೋಡಿಕೊಳ್ಳಿ. ಮಗುವಾದರೆ ಕಾಲನ್ನು ಗಟ್ಟಿಯಾಗಿ ಹಿಡಿದಿರಬೇಕು, ಒದ್ದರೆ ಸೂಜಿ ಚರ್ಮ ಸೀಳುತ್ತದೆ. ಆಮೇಲೆ ಆಂಬ್ಯುಲೆನ್ಸ್‌ಗೆ ಕರೆ. 5 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಪೆನ್. ಅದಕ್ಕೇ ಯಾವಾಗಲೂ ಎರಡು ಜೊತೆಯಲ್ಲಿರಬೇಕು.

ಹೃದಯದ ಭಯದ ಬಗ್ಗೆ: ಸ್ನಾಯುವಿಗೆ ಕೊಟ್ಟ ಸರಿಯಾದ ಅಳತೆಗೆ ಎದೆ ಡವಡವ, ಕೈನಡುಕ, ಮುಖ ಬಿಳಿಚುವುದು ಕೆಲವು ನಿಮಿಷ ಇರುತ್ತದೆ, ಹೋಗುತ್ತದೆ. ಅನಾಫಿಲ್ಯಾಕ್ಸಿಸ್‌ನಲ್ಲಿ ಅಡ್ರಿನಲಿನ್ ಕೊಡಲೇಬಾರದು ಎನ್ನುವ ಕಾಯಿಲೆ ಯಾವುದೂ ಇಲ್ಲ. ಅನುಮಾನವಿದ್ದರೆ ಕೊಡಿ.

ಇನ್ನು ಮಲಗಿಸುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ವ್ಯಕ್ತಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕಾಲು ಚಾಚಿಸಿ ಕೂರಿಸಿ, ವಾಂತಿ ಬರುತ್ತಿದ್ದರೆ ಮಗ್ಗುಲಿಗೆ. ಎದ್ದು ನಿಲ್ಲಲು, ಬಾತ್‌ರೂಮಿಗೆ ನಡೆಯಲು ಬಿಡಬೇಡಿ. ರಕ್ತನಾಳಗಳೆಲ್ಲ ಸಡಿಲಗೊಂಡಿರುವಾಗ ನಿಂತರೆ ರಕ್ತ ಕಾಲಿಗಿಳಿದು ಹೃದಯಕ್ಕೆ ವಾಪಸ್ ಬರುವುದಿಲ್ಲ, ನಿಂತ ಕೆಲವೇ ಸೆಕೆಂಡುಗಳಲ್ಲಿ ಪ್ರಾಣ ಹೋದದ್ದು ದಾಖಲಾಗಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡುವುದೂ ಇದೇ ತಪ್ಪು.

ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಗಂಟೆಗಳ ಮೇಲೆ, ಮತ್ತೇನೂ ತಿನ್ನದೆಯೇ, ಎರಡನೆಯ ಅಲೆ ಏಳುತ್ತದೆ.

ಬಿಳಿಕೋಟು

ಇದಕ್ಕೆ ಒಂದು ಸೇರಿಕೆ: "ಹೋದ ಸಲ ಬರೀ ದದ್ದಾಗಿತ್ತು, ಈ ಸಲವೂ ಅಷ್ಟೇ" ಎಂಬ ಲೆಕ್ಕ ಬೇಡ. ತಿಂದ ಪ್ರಮಾಣ, ಆ ದಿನದ ಜ್ವರ, ನಿದ್ದೆಗೇಡು, ಮದ್ಯ, ನೋವಿನ ಮಾತ್ರೆ, ತಿಂದ ಮೇಲಿನ ಓಟ ಇವೆಲ್ಲ ಪ್ರತಿಕ್ರಿಯೆಯನ್ನು ಏರಿಸುತ್ತವೆ. ಹತೋಟಿಯಲ್ಲಿಲ್ಲದ ಉಬ್ಬಸ ಎಲ್ಲಕ್ಕಿಂತ ಕೆಟ್ಟ ಜೊತೆಗಾರ. ಗೋಧಿ ತಿಂದು ಸುಮ್ಮನಿದ್ದರೆ ಏನೂ ಆಗದೆ, ತಿಂದು ಓಡಿದರೆ ಮಾತ್ರ ಕುಸಿಯುವವರೂ ಇದ್ದಾರೆ.

ತಕ್ಷಣವೇ ಆಗಬೇಕೆಂದೂ ಇಲ್ಲ. ಕೆಲವು ಜಾತಿಯ ಉಣ್ಣೆ ಕಚ್ಚಿದವರಿಗೆ ಆಲ್ಫಾ ಗ್ಯಾಲ್ ಎಂಬ ಸಕ್ಕರೆಗೆ ಅಲರ್ಜಿ ಹುಟ್ಟಿ, ಕೆಂಪು ಮಾಂಸ ತಿಂದ 2ರಿಂದ 6 ಗಂಟೆಯ ಮೇಲೆ ನಡುರಾತ್ರಿ ದದ್ದೆದ್ದು ಎಚ್ಚರವಾಗುತ್ತದೆ. ಅಲರ್ಜಿ ಎಂದರೆ ಪ್ರೋಟೀನೇ ಎಂಬ ನಿಯಮಕ್ಕೆ ಇದೊಂದು ದೊಡ್ಡ ಅಪವಾದ.

ತೊಟ್ಟಿಲು

ಮಗುವಿಗೆ ಕಡಲೆಕಾಯಿ, ಮೊಟ್ಟೆಯನ್ನು ಮೂರು ವರ್ಷದವರೆಗೆ ಕೊಡದಿದ್ದರೆ ಅಲರ್ಜಿ ಬರುವುದಿಲ್ಲವಾ? ಹಳೆಯ ಪುಸ್ತಕಗಳಲ್ಲಿ ಹಾಗೇ ಇದೆ.

ಬಿಳಿಕೋಟು

ಪುಸ್ತಕಗಳ ತಪ್ಪಲ್ಲ, 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಅಪಾಯ ಹೆಚ್ಚಿರುವ ಮಕ್ಕಳಿಗೆ ಕಡಲೆಕಾಯಿಯನ್ನು ಮೂರು ವರ್ಷದವರೆಗೆ, ಮೊಟ್ಟೆಯನ್ನು ಎರಡು ವರ್ಷದವರೆಗೆ ಕೊಡಬೇಡಿ ಎಂದು ಹೇಳಿತ್ತು. 2008ರಲ್ಲಿ ಹಿಂದೆ ತೆಗೆದುಕೊಂಡಿತು. 2015ರಲ್ಲಿ ಬಂದ ಲೀಪ್ ಅಧ್ಯಯನ ಚಿತ್ರವನ್ನೇ ತಿರುಗಿಸಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳಲ್ಲಿ ಅರ್ಧಕ್ಕೆ ವಾರಕ್ಕೆ 6 ಗ್ರಾಂ ಕಡಲೆಕಾಯಿ ಪ್ರೋಟೀನ್ ಕೊಟ್ಟರು, ಅರ್ಧಕ್ಕೆ ಪೂರ್ತಿ ಬಿಡಿಸಿದರು. ಐದು ವರ್ಷಕ್ಕೆ ಬಿಟ್ಟವರಲ್ಲಿ ಶೇ 17.2, ತಿಂದವರಲ್ಲಿ ಶೇ 3.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ.

ಕಾರಣ ಹೀಗೆ: ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ ಮನೆಯ ಧೂಳಿನಲ್ಲಿರುವ ಪ್ರೋಟೀನ್ ಮೊದಲು ಒಳಹೊಕ್ಕರೆ ದೇಹ ಶತ್ರುವೆಂದು ಕಲಿಯುತ್ತದೆ. ಬಾಯಿಯಿಂದ ಮೊದಲು ಬಂದರೆ ಆಹಾರವೆಂದು ಕಲಿಯುತ್ತದೆ. ಹಾಗಾಗಿ ಸುಮಾರು 6 ತಿಂಗಳಿಗೆ, ಮಗು ಕತ್ತು ನಿಲ್ಲಿಸಿ ಬೇರೆ ಗಟ್ಟಿ ಆಹಾರ ತಿನ್ನಲು ಕಲಿತ ಮೇಲೆ, ಶುರುಮಾಡಬಹುದು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದರೆ ಮೊದಲು ವೈದ್ಯರು ನೋಡಬೇಕು. ಎರಡು ಟೀ ಚಮಚ ನಯವಾದ ಕಡಲೆಕಾಯಿ ಬೆಣ್ಣೆಯನ್ನು ಎರಡು ಮೂರು ಚಮಚ ಬಿಸಿನೀರಲ್ಲಿ ತೆಳ್ಳಗೆ ಕಲಸಿ, ಆರಿಸಿ, ಚಮಚದ ತುದಿಯಷ್ಟು ಕೊಟ್ಟು 10 ನಿಮಿಷ ಕಾಯಿರಿ, ಆಮೇಲೆ ಉಳಿದದ್ದು. ಬೆಳಗ್ಗೆ ಹೊತ್ತು ಕೊಡಿ, ಮಲಗುವ ಮುಂಚೆ ಬೇಡ. ಇಡಿ ಕಾಳು, ಗಟ್ಟಿ ಬೆಣ್ಣೆಯ ಉಂಡೆ ಕೊಡಲೇಬೇಡಿ, ಉಸಿರುಗಟ್ಟುತ್ತದೆ. ಒಮ್ಮೆ ಕೊಟ್ಟು ಬಿಟ್ಟರೆ ಪ್ರಯೋಜನವಿಲ್ಲ, ವಾರಕ್ಕೆ ಎರಡು ಮೂರು ಸಲ ನಡೆಯುತ್ತಿರಬೇಕು.

ದೊಡ್ಡವರಾದಾಗ ತಾನಾಗಿ ಹೋಗುತ್ತದೆ ಎಂಬುದೂ ಅರ್ಧ ಸತ್ಯ. ಹಾಲು, ಮೊಟ್ಟೆಯದು ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ಕಡಲೆಕಾಯಿಯದು ಸುಮಾರು ಐವರಲ್ಲಿ ಒಬ್ಬರಿಗೆ. ಸೀಗಡಿಯದು ಅಪರೂಪ, ಅದು ವಯಸ್ಸಾದ ಮೇಲೂ ಹೊಸದಾಗಿ ಹುಟ್ಟುತ್ತದೆ.

ಲೇಬಲ್ಓದುಗ

ಪೊಟ್ಟಣದ ವಿಷಯ ಚಿಕ್ಕದಾಗಿ. "ಕುರುಹು ಇರಬಹುದು" ಎಂಬ ಸಾಲು ಬಹಳ ದೇಶಗಳಲ್ಲಿ ಕಡ್ಡಾಯವಲ್ಲ. ಆ ಸಾಲು ಇಲ್ಲವೆಂದರೆ ಸುರಕ್ಷಿತ ಎಂದು ಅರ್ಥವಲ್ಲ. ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ಅಲರ್ಜಿಕಾರಕಗಳ ಪಟ್ಟಿಯೂ ಎಲ್ಲ ಕಡೆ ಒಂದೇ ಅಲ್ಲ: ಯುರೋಪಿನಲ್ಲಿ 14, ಅಮೆರಿಕದಲ್ಲಿ 9, ಅದರಲ್ಲಿ ಎಳ್ಳು ಸೇರಿದ್ದು 2023ರ ಜನವರಿಯಿಂದ. ಸಾಸಿವೆ ಯುರೋಪಿನ ಪಟ್ಟಿಯಲ್ಲಿದೆ, ಅಮೆರಿಕದ್ದರಲ್ಲಿಲ್ಲ, "ಮಸಾಲೆ" ಎಂಬ ಒಂದೇ ಪದದಡಿ ಅಡಗಿ ಕೂರಬಹುದು. ತಯಾರಕರು ಸದ್ದಿಲ್ಲದೆ ಪದಾರ್ಥ ಬದಲಿಸುತ್ತಾರೆ, ಪ್ರತಿ ಸಲವೂ ಓದಿ. "ವೀಗನ್" ಎಂದಿದ್ದರೆ ಹಾಲಿನ ಕುರುಹೂ ಇಲ್ಲ ಎಂದು ತಿಳಿಯಬೇಡಿ.

ತೊಟ್ಟಿಲು

ಸೀಗಡಿ ಅಲರ್ಜಿ ಇದ್ದರೆ ಸ್ಕ್ಯಾನ್‌ನ ಅಯೋಡಿನ್ ಔಷಧ, ಮೊಟ್ಟೆ ಅಲರ್ಜಿ ಇದ್ದರೆ ಫ್ಲೂ ಲಸಿಕೆ ಬೇಡ ಅನ್ನುತ್ತಾರೆ, ಹೌದೇ?

ತುರ್ತುಪಾಳಿ

ಎರಡೂ ಇಲ್ಲ. ಸೀಗಡಿಯಲ್ಲಿ ಅಲರ್ಜಿ ತರುವುದು ಟ್ರೋಪೊಮಯೊಸಿನ್, ಅಯೋಡಿನ್ ಅಲ್ಲ. ಅಯೋಡಿನ್ ಥೈರಾಯ್ಡ್‌ಗೆ ಬೇಕೇ ಬೇಕು, ಅದಿಲ್ಲದೆ ಯಾರೂ ಬದುಕುವುದಿಲ್ಲ. ಮೊಟ್ಟೆ ಅಲರ್ಜಿ ಇದ್ದವರಿಗೂ ಫ್ಲೂ ಲಸಿಕೆ ಎಲ್ಲರಂತೆಯೇ ಕೊಡಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2023ರಲ್ಲಿ ವಿಶೇಷ ಎಚ್ಚರಿಕೆಯನ್ನೂ ತೆಗೆದುಹಾಕಿತು. ದಡಾರದ ಲಸಿಕೆಗೂ ಅಡ್ಡಿಯಿಲ್ಲ.

ಹಸಿರೆಲೆ

ಕೊನೆಯದಾಗಿ, ಪೆನ್ನನ್ನು ಫ್ರಿಜ್‌ನಲ್ಲಿಡಬೇಕಾ?

ತುರ್ತುಪಾಳಿ

ಬೇಡ. 20ರಿಂದ 25 ಡಿಗ್ರಿ, ಕತ್ತಲೆ, ಅದರದೇ ಡಬ್ಬಿ. ಫ್ರಿಜ್‌ನ ಚಳಿಗೆ ಒಳಗಿನ ಯಂತ್ರ ಕೈಕೊಡಬಹುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಔಷಧ ಕೆಡುತ್ತದೆ. ತಿಂಗಳಿಗೊಮ್ಮೆ ಪಕ್ಕದ ಸಣ್ಣ ಕಿಟಕಿಯಲ್ಲಿ ನೋಡಿ: ದ್ರವ ನೀರಿನಂತೆ ತಿಳಿಯಾಗಿರಬೇಕು. ಕಂದಾಗಿದ್ದರೆ, ಚರಟ ಕಂಡರೆ ಬದಲಿಸಿ. ಅವಧಿ ಮುಗಿಯುವ ತಿಂಗಳನ್ನು ಫೋನಿನಲ್ಲಿ ಜ್ಞಾಪನೆಗೆ ಹಾಕಿಡಿ. ಆದರೆ ತುರ್ತಿನಲ್ಲಿ ಕೈಗೆ ಸಿಕ್ಕಿದ್ದು ಅವಧಿ ಮೀರಿದ್ದೊಂದೇ ಆಗಿದ್ದು, ದ್ರವ ತಿಳಿಯಾಗಿದ್ದರೆ, ಅದನ್ನೇ ಕೊಡಿ. ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಮಗು ಇರುವ ಕಡೆಯೇ ಎರಡೂ ಪೆನ್ನುಗಳಿರಲಿ, ಸೂಜಿಯಿಲ್ಲದ ಅಭ್ಯಾಸದ ಪೆನ್ನಿನಲ್ಲಿ ಮನೆಯ ಎಲ್ಲರೂ, ಮಗುವನ್ನು ನೋಡಿಕೊಳ್ಳುವವರೂ, ಒಂದೊಂದು ಸಲ ಒತ್ತಿ ನೋಡಿರಲಿ.